ಕುಣಿ ನಂದು, ಮಗ್ಗ ನಿಂದು

ಚಾಚಿಯ ಬಲಗೈ ಮೊಣಕೈಯಿಂದ ಮಣಿಕಟ್ಟಿನವರೆಗೆ ನುಣ್ಣಗೆ ಹೊಳೆಯುತ್ತಿತ್ತು. ಅಲ್ಲಿ ಒಂದು ಕೂದಲಿಲ್ಲ, ಒಂದು ಸುಕ್ಕಿಲ್ಲ. ಅರವತ್ತರ ಆಸುಪಾಸಿನ ಹೆಂಗಸಿಗೆ ಆ ಒಂದು ಕೈ ಮಾತ್ರ ಬೇರೆ ಯಾರದ್ದನ್ನೋ ತಂದು ಜೋಡಿಸಿದ ಹಾಗಿತ್ತು. ಬೇಸಗೆಯಲ್ಲಿ ಉರಿಯುತ್ತದೆಂದು ಅದಕ್ಕೆ ಒದ್ದೆ ಬಟ್ಟೆ ಸುತ್ತಿಕೊಂಡೇ ಓಡಾಡುತ್ತಿದ್ದರು. ಯಾರ ಮನೆಗೆ ಬಂದರೂ ಅದೇ ಕೈಯಿಂದ ಬಾಗಿಲ ಚೌಕಟ್ಟು ತಟ್ಟುವರು. ಅವರು ಹೋದ ಮೇಲೂ ಕಟ್ಟಿಗೆಯ ಮೇಲೆ ಒದ್ದೆ ಗುರುತು ಸ್ವಲ್ಪ ಹೊತ್ತು ಉಳಿದಿರುತ್ತಿತ್ತು.

ಬೆಟಗೇರಿಯಲ್ಲಿ ನಾನು ಸೊಸೆಯಾಗಿ ಬಂದ ಮನೆಯ ಮಾಲಕಿ ಅವರು. ನಮ್ಮವರು ಬಾಡಿಗೆಗಿದ್ದ ನೇಕಾರರು. ಚಾಚಿಯ ಗಂಡ ಗದಗಿನ ಅರಳೆ ಪೇಟೆಯಲ್ಲಿ ದಲಾಲರೊಬ್ಬರ ಅಂಗಡಿಯಲ್ಲಿ ಗುಮಾಸ್ತರಾಗಿದ್ದವರು, ನಾನು ಬರುವ ಹೊತ್ತಿಗೆ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಮಕ್ಕಳಿರಲಿಲ್ಲ. ಬೀದಿಗೆ ತಾಗಿದ ಮುಂದಿನ ಕೋಣೆಯಲ್ಲಿ ತಾವಿದ್ದು, ಹಿಂದಿನ ದೊಡ್ಡ ಪಡಸಾಲೆ ಮತ್ತು ಅಡುಗೆಮನೆಯನ್ನು ನಮಗೆ ಕೊಟ್ಟಿದ್ದರು. ಆ ಬಾಡಿಗೆಯೇ ಅವರ ಊಟ. ಓಣಿಯಲ್ಲಿ ಜಾತಿಭೇದವಿಲ್ಲದೆ ಎಲ್ಲರೂ ಅವರನ್ನು ಚಾಚಿ ಎಂದೇ ಕರೆಯುತ್ತಿದ್ದರು.

ನಾನು ಮುಂಡರಗಿಯಿಂದ ಮದುವೆಯಾಗಿ ಬಂದ ಮರುದಿನ, ತವರಿನವರು ಕೊಟ್ಟ ಹಿತ್ತಾಳೆ ಹಂಡೆ, ಕೊಡ, ಟ್ರಂಕು, ಎರಡು ಗಾದಿ ಎಲ್ಲವನ್ನೂ ಅತ್ತೆ ಪಡಸಾಲೆಯಲ್ಲಿ ಸಾಲಾಗಿ ಇಟ್ಟಿದ್ದರು. ಓಣಿಯ ಹೆಂಗಸರು ಬಂದು ನೋಡಿ, ಹಂಡೆ ಬಡಿದು ನೋಡಿ, ಪರವಾಗಿಲ್ಲ ಎಂದು ಹೋಗುತ್ತಿದ್ದರು. ಚಾಚಿ ಬಂದರು. ನನ್ನ ಗಲ್ಲ ಸವರಿ ನೆಟಿಗೆ ಮುರಿದರು, ನನ್ನ ಕೈಗೆ ಸಕ್ಕರೆ ಹಾಕಿದರು. ಆಮೇಲೆ ಆ ಸಾಲನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ನೋಡುತ್ತ ನಡೆದು, ಮದುಮಗಳಾದ ನನ್ನನ್ನು ಕೇಳಿದರು:

"ಚಂದ ಅದಾವು. ಇವಕ್ಕೆಲ್ಲಾ ಬೆಂಕಿ ಬಿದ್ರ ಏನ ಮಾಡ್ತೀಯವ್ವ?"

ನನ್ನ ಕೈಯಲ್ಲಿದ್ದ ಸಕ್ಕರೆ ಕೈಯಲ್ಲೇ ಉಳಿಯಿತು. ಅರಿಸಿನದ ಕೈ ಇನ್ನೂ ಒಣಗಿಲ್ಲ, ಈ ಮುದುಕಿ ಬೆಂಕಿಯ ಮಾತಾಡುತ್ತಾಳಲ್ಲ ಎಂದುಕೊಂಡೆ. ಅತ್ತೆಗೆ ಇದು ರೂಢಿಯಾಗಿತ್ತೆಂದು ಕಾಣುತ್ತದೆ, "ಬಿಡ್ತು ಅನ್ರಿ ಚಾಚಿ" ಎಂದರು. ಚಾಚಿ ಮರುಮಾತಿಲ್ಲದೆ "ಬಿಡ್ತು" ಎಂದರು. ಅಂದವರೇ ನನ್ನ ಕಡೆ ತಿರುಗಿ, "ಅಂದೆ. ಈಗ ಹೇಳು, ಏನ ಮಾಡ್ತೀ?" ಎಂದರು.

ಆ ದಿನ ನಾನು ಅವರನ್ನು ಮನಸಾರೆ ಬೈದುಕೊಂಡೆ. ಆಮೇಲೆ ಗೊತ್ತಾಯಿತು, ಚಾಚಿ ಇರುವುದೇ ಹಾಗೆ. ಯಾರಾದರೂ ಹೊಸ ಸೈಕಲ್ ತಂದರೆ ಕಳುವಾದರೆ ಏನು ಗತಿ ಎನ್ನುವರು. ಮಾಳಿಗೆಗೆ ಹೊಸ ಮಣ್ಣು ಹಾಕಿಸಿದವರನ್ನು ನಿಲ್ಲಿಸಿ, ಕುಸಿದರೆ ಯಾವ ಮೂಲೆಯಲ್ಲಿ ನಿಲ್ಲುತ್ತೀರಿ ಎಂದು ವಿಚಾರಿಸುವರು. ಎದುರಿಗಿದ್ದವರು ಬಿಡ್ತು ಅನ್ನಿ ಎಂದರೆ ಪ್ರತಿ ಸಲವೂ ಅನ್ನುವರು, ಅಂದು ಮತ್ತೆ ಅದೇ ಪ್ರಶ್ನೆ ಕೇಳುವರು. ಕೆಟ್ಟ ಬಾಯಿಯ ಹೆಂಗಸು ಎಂದು ಕೆಲವರು ಬಾಗಿಲು ಮುಂದೆ ಮಾಡಿಕೊಳ್ಳುವುದೂ ಇತ್ತು. ಅವರಿಗೆ ಅದೇನೂ ತಟ್ಟುತ್ತಿರಲಿಲ್ಲ.

ವರ್ಷಕ್ಕೊಮ್ಮೆ ಅವರು ಒಗೆದ ಸೀರೆ ಉಟ್ಟು, ಕೊಡೆ ಹಿಡಿದು ಗದಗಿಗೆ ಹೋಗಿ ಮನೆಯ ವಿಮೆಯ ಕಂತು ಕಟ್ಟಿ ಬರುತ್ತಿದ್ದರು. ಗಂಡ ಮಾಡಿಸಿಟ್ಟಿದ್ದ ಬೆಂಕಿ ವಿಮೆ ಅದು. ಬಂದ ಮೇಲೆ ಓಣಿಯಲ್ಲಿ ಸಕ್ಕರೆ ಹಂಚುವರು. ಆಗೆಲ್ಲ ಜೀವ ವಿಮೆ ಎಂದರೂ ಜನ ಮುಖ ಮುಖ ನೋಡುತ್ತಿದ್ದ ಕಾಲ. ಮನೆಗೂ ವಿಮೆ ಇರುತ್ತದೆ ಎನ್ನುವುದೇ ನಮ್ಮ ಓಣಿಗೆ ತಮಾಷೆ. ಚಾಚಿಯ ಮನೆ ಸತ್ತರೆ ಸರಕಾರ ದುಡ್ಡು ಕೊಡುತ್ತದಂತೆ ಎಂದು ಹುಡುಗರು ನಗುತ್ತಿದ್ದರು.

ನಮ್ಮ ಮಾವ ಮಾತ್ರ ನಗುತ್ತಿರಲಿಲ್ಲ. ಅವರಿಗೆ ಅದರಿಂದ ಒಂದು ನಿಶ್ಚಿಂತೆ ಇತ್ತು. ಚಾಚಿ ಮನೆಗೆ ವಿಮೆ ಕಟ್ಟಿದ್ದಾರೆ, ಮನೆ ಎಂದರೆ ಮನೆಯೊಳಗಿನದೆಲ್ಲ ಬಂತು, ನಮ್ಮ ಮಗ್ಗಕ್ಕೂ ಅದರಲ್ಲೇ ನೆರಳಾಯಿತು ಎಂದು ಅವರು ನಂಬಿದ್ದರು. ಒಂದು ಸಲ ಸಕ್ಕರೆ ಕೊಡಲು ಬಂದ ಚಾಚಿಗೆ ಅದನ್ನೇ ಹೇಳಿ ಕೈ ಮುಗಿದರು. ಚಾಚಿ ಬೆಚ್ಚಿಬಿದ್ದರು. ಊರಿಗೆಲ್ಲ ಗಾಬರಿ ಹುಟ್ಟಿಸುವ ಚಾಚಿ ತಾವೇ ಗಾಬರಿಯಾದದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಡುಗೆಮನೆಗೆ ಹೋಗಿ ಜೋಳ ತುಂಬಿದ್ದ ಮಡಕೆಯೊಂದನ್ನು ತಾವೇ ಎತ್ತಿ ತಂದು ಮಾವನ ಮುಂದೆ ಇಟ್ಟರು.

"ಮಡಕಿ ನಂದು. ಮಡಕ್ಯಾಗಿನ ಜೋಳ ನಿಮ್ದು. ಕಂಪನಿಯವರು ನನಗ ಮಡಕೀದಷ್ಟ ಕೊಡ್ತಾರ. ಜೋಳಾ ಯಾರದೈತಿ ಅವರ ನೋಡ್ಕೋಬೇಕು."

ಗೋಡೆ, ತೊಲೆ, ಜಂತಿ, ಬಾಗಿಲು ತಮ್ಮವು. ಹಂಡೆ, ಗಾದಿ, ನೂಲು, ಸೀರೆ ನಮ್ಮವು. ಅದಕ್ಕೆ ಬೇಕಾದರೆ ಬಾಡಿಗೆದಾರರೇ ಬೇರೆ ವಿಮೆ ಮಾಡಿಸಬೇಕು ಎಂದು ಬಿಡಿಸಿ ಹೇಳಿದರು. ನಾನು ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತ ಕೂತವಳು, ಮಗ್ಗ ಮಡಕೆಯೋ ಜೋಳವೋ ಎಂದು ಕೇಳಿದೆ. ನಮ್ಮದು ಕುಣಿಮಗ್ಗ. ನೆಲದಲ್ಲಿ ಸೊಂಟದ ಆಳಕ್ಕೆ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು, ನೆಲದ ಮಟ್ಟದಲ್ಲಿ ಕೂತು ನೇಯುವುದು. ಕಾಲಿನಿಂದ ತುಳಿಯುವ ಕಾಲ್ಮಣೆ ಕುಣಿಯೊಳಗೆ, ಉಳಿದ ಮಗ್ಗವೆಲ್ಲ ಮೇಲೆ. ಚಾಚಿ ಹೋಗಿ ಮಾವನ ಮಗ್ಗದ ಅಂಚಿನಲ್ಲಿ ಕೂತು, ಕುಣಿಯೊಳಗೆ ಕಾಲು ಬಿಟ್ಟು, ಒಳಗೆ ಇಣುಕಿ ನೋಡಿದರು.

"ಕುಣಿ ನಂದು," ಎಂದರು ಕೊನೆಗೆ. "ಮಗ್ಗ ನಿಂದು."

ಆ ತೀರ್ಪಿಗೆ ಎಲ್ಲರೂ ನಕ್ಕೆವು. ಅಂದಿನಿಂದ ಮನೆಯಲ್ಲಿ ಅದೊಂದು ಆಟದ ಮಾತಾಯಿತು. ಚಹಾ ಸೋಸುವಾಗ ಬಟ್ಟಲು ನಂದು, ಚಹಾ ನಿಂದು ಎಂದು ನನ್ನ ಗಂಡ ಕಾಡುವರು.

ಆ ಕೈಗೆ ಏನಾಗಿತ್ತೆಂದು ನಾನು ಕೇಳಿದ್ದು ಅದಾದ ಕೆಲವು ತಿಂಗಳಿಗೆ. ಕಟ್ಟೆಯ ಮೇಲೆ ಕೂತು ನಾನು ಅವರಿಗೆ ಒದ್ದೆ ಬಟ್ಟೆ ಸುತ್ತಿಕೊಡುತ್ತಿದ್ದೆ. ಮದುವೆಯಾದ ಹೊಸತರಲ್ಲಿ ಅವರು ಲಕ್ಷ್ಮೇಶ್ವರದಲ್ಲಿ ಬಾಡಿಗೆಗೆ ಇದ್ದರಂತೆ. ಗಂಡ ಆಗ ತಾವೇ ಸಣ್ಣದಾಗಿ ಅರಳೆ ವ್ಯಾಪಾರ ಮಾಡುತ್ತಿದ್ದರು, ಮನೆಯ ತುಂಬ ಅರಳೆ. ಒಂದು ಮಧ್ಯಾಹ್ನ ಹೊತ್ತಿಕೊಂಡಿತು. ಮದುವೆಯ ಪೆಟ್ಟಿಗೆಯನ್ನಾದರೂ ಎಳೆದು ತರೋಣವೆಂದು ಚಾಚಿ ಒಳಗೆ ನುಗ್ಗಿದರು.

"ಹಿಡಿಕಿ ಹಿಡದು ಜಗ್ಗಿದೆ. ಹಿಡಿಕಿ ಕೈಯಾಗ ಬಂತು, ಪೆಟಗಿ ಅಲ್ಲೇ ಉಳೀತು," ಎಂದರು.

ಆ ಮನೆಯ ಮಾಲೀಕರಿಗೆ ವಿಮೆ ಇತ್ತು. ನಮ್ಮ ಮಾವ ನಂಬಿದ ಹಾಗೆಯೇ ಚಾಚಿಯ ಗಂಡನೂ ನಂಬಿ, ಸುಟ್ಟ ಅರಳೆಯ ಪಾಲು ಕೇಳಲು ಹೋದರು. ಮಾಲೀಕರು ಒಳ್ಳೆಯವರೇ, ಕೂಡಿಸಿ ಚಹಾ ಕೊಟ್ಟು, ವಿಮೆ ಇದ್ದದ್ದು ಗೋಡೆಗಷ್ಟೇ ಎಂದರು. ಅವರ ಮನೆ ಮೊದಲಿಗಿಂತ ಎತ್ತರವಾಗಿ ಎದ್ದಿತು. ಇವರು ಉಟ್ಟ ಬಟ್ಟೆಯಲ್ಲಿ ಬೆಟಗೇರಿಗೆ ಬಂದು ಮತ್ತೊಬ್ಬರ ಅಂಗಡಿಯಲ್ಲಿ ಗುಮಾಸ್ತಿಕೆಗೆ ನಿಂತರು, ಎಷ್ಟೋ ವರ್ಷ ದುಡಿದು ಈ ಮನೆ ಕೊಂಡರು. ಚಾಚಿ ಇದನ್ನು ಹೇಳುವಾಗ ಯಾರ ಮೇಲೂ ಸಿಟ್ಟಿರಲಿಲ್ಲ. ನನಗೇ ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ.

ನಾನು ಹಟ ಹಿಡಿದೆ. ತವರಿನ ಕಡೆಯ ಏಜೆಂಟರೊಬ್ಬರು ಮುಂಡರಗಿಯಿಂದ ಗದಗಿಗೆ ಬಂದು ಹೋಗುವುದಿತ್ತು. ಅವರ ಕೈಯಲ್ಲಿ ನಮ್ಮ ಸಾಮಾನು, ನೂಲು, ಎರಡು ಮಗ್ಗ ಎಲ್ಲಕ್ಕೂ ಬೆಂಕಿ ವಿಮೆ ಮಾಡಿಸಬೇಕೆಂದೆ. ಅತ್ತೆ ಕೆಂಡವಾದರು. ಮಗ್ಗವೆಂದರೆ ನಮ್ಮಲ್ಲಿ ಅರಿಸಿನ ಕುಂಕುಮ ಹಚ್ಚಿ ಪೂಜಿಸುವ ದೇವರು. ದೇವರು ಸುಡುತ್ತಾನೆಂದು ಕಾಗದದ ಮೇಲೆ ಬರೆದು ಸಹಿ ಹಾಕುವುದೆಂದರೆ ಬೆಂಕಿಯನ್ನು ಊಟಕ್ಕೆ ಕರೆದ ಹಾಗೆ ಎಂದರು. ಎರಡು ದಿನ ನನ್ನೊಂದಿಗೆ ಮಾತು ಬಿಟ್ಟರು. ಮಾವ ತಲೆ ಕೆರೆದುಕೊಳ್ಳುತ್ತ ಸಹಿ ಹಾಕಿದರು. ಸಹಿಗಿಂತ ಮೊದಲು ಮಗ್ಗಕ್ಕೆ ಕೈ ಮುಗಿದು ತಪ್ಪಾಯಿತೆಂದು ಬೇಡಿಕೊಂಡರು.

ಬೆಂಕಿ ಬಿತ್ತು.

ಅದು ಹಾಸು ನೂಲಿಗೆ ಗಂಜಿ ಹಚ್ಚುವ ದಿನ. ಸೀರೆಯ ಹಾಸನ್ನು, ಎಂದರೆ ಉದ್ದದ ಎಳೆಗಳನ್ನೆಲ್ಲ, ಓಣಿಯ ಉದ್ದಕ್ಕೂ ಎಳೆದು ಕಟ್ಟಿ, ಗಂಜಿ ಸವರಿ, ಬಿಸಿಲೇರುವ ಮೊದಲು ಕುಂಚದಿಂದ ತೀಡಿ ಒಣಗಿಸಬೇಕು. ಮನೆಯ ಎಲ್ಲರೂ ಹೊರಗಿರಬೇಕಾದ ಕೆಲಸ. ಗಂಜಿ ಕಾಯಿಸಿದ ಒಲೆಯಲ್ಲಿ ಕೆಂಡ ಉಳಿದಿತ್ತೋ, ಹತ್ತಿರ ತೂಗಿದ್ದ ನೂಲಿನ ಲಡಿ ಜಾರಿತೋ ಯಾರಿಗೂ ತಿಳಿಯದು. ಅತ್ತೆ ಹೊಗೆ ನೋಡಿ ಕೂಗಿದರು. ನನ್ನ ಗಂಡ ಓಡಿದರು, ನಾನು ಓಡಿದೆ. ಮಾವ ಮಾತ್ರ ಓಡಲಿಲ್ಲ. ಒದ್ದೆ ಹಾಸಿನ ತುದಿ ಅವರ ಕೈಯಲ್ಲಿತ್ತು. ಬಿಟ್ಟರೆ ಇಡೀ ಹಾಸು ಗಂಟುಬಿದ್ದು ಹೋಗುತ್ತದೆ. ಮನೆ ಉರಿಯುತ್ತಿದೆ, ಈ ಮನುಷ್ಯ ಹಾಸು ಹಿಡಿದು ನಿಂತಿದ್ದಾರೆ, ಕಣ್ಣು ಮನೆಯ ಮೇಲೆ, ಕೈ ನೂಲಿನ ಮೇಲೆ. ಯಾರೋ ಬಂದು ಅವರ ಬೆರಳು ಬಿಡಿಸಬೇಕಾಯಿತು.

ಚಾಚಿ ತಮ್ಮ ಕೋಣೆಯಿಂದ ಬರಿಗಾಲಲ್ಲಿ ಹೊರಬಂದು, "ಮಂದಿ ಎಲ್ಲಾ ಹೊರಗ ಅದಾರಿಲ್ಲೋ?" ಎಂದು ಕೇಳಿದರು. ಇದ್ದಾರೆ ಎಂದ ಮೇಲೆ ಅಲ್ಲೇ ಮಣ್ಣಿನಲ್ಲಿ ಕೂತುಬಿಟ್ಟರು. ಬಾವಿಯಿಂದ ಕೊಡ ಸಾಗಿಸಿ ಆರಿಸುವ ಹೊತ್ತಿಗೆ ನಮ್ಮ ಭಾಗದ ಜಂತಿಗಳು ಸುಟ್ಟು ಮಾಳಿಗೆಯ ಮಣ್ಣು ಒಳಗೆ ಕುಸಿದಿತ್ತು. ಎರಡೂ ಮಗ್ಗ ಕರಿ ಕಟ್ಟಿಗೆಯಾಗಿದ್ದವು. ನನ್ನ ಹಂಡೆ ಕೂಡ ಸೊಟ್ಟಗಾಗಿ ಬಿದ್ದಿತ್ತು.

ಮರುದಿನ ಬೆಳಗ್ಗೆ ಚಾಚಿ ಕೊಡೆ ಹಿಡಿದು ಕಂಪನಿಗೆ ತಿಳಿಸಲು ಗದಗಿಗೆ ಹೊರಟರು. ನನ್ನ ಗಂಡ ಏಜೆಂಟರನ್ನು ಹುಡುಕಿಕೊಂಡು ಮುಂಡರಗಿಯ ಬಸ್ಸು ಹಿಡಿದರು. ನಾನು ಅತ್ತೆಯನ್ನು ಕರೆದುಕೊಂಡು ಸರಕಾರಿ ದವಾಖಾನೆಗೆ ಹೋದೆ, ಹೊಗೆಯಿಂದ ಅವರ ಕಣ್ಣು ಬಾತಿತ್ತು. ಹೋಗುವಾಗ ಚಾಚಿ ಹೇಳಿದ್ದು ಒಂದೇ ಮಾತು, ಕಂಪನಿಯವರು ನೋಡುವತನಕ ಒಂದು ಕಡ್ಡಿಯನ್ನೂ ಮುಟ್ಟಬೇಡಿ ಎಂದು. ಆದರೆ ಮನೆಯಲ್ಲಿ ಉಳಿದದ್ದು ಮಾವ ಒಬ್ಬರೇ, ಅವರಿಗೆ ಅಂದು ಯಾರು ಏನು ಹೇಳಿದರೂ ಕಿವಿಗೆ ಬೀಳುವ ಸ್ಥಿತಿ ಇರಲಿಲ್ಲ.

ನಮ್ಮ ನೇಕಾರರಲ್ಲಿ ಒಂದು ಪದ್ಧತಿ. ಮಗ್ಗ ಸುಟ್ಟರೆ ಆ ಕಟ್ಟಿಗೆಯನ್ನು ಮನೆಯಲ್ಲಿ ಇಡಬಾರದು, ನೀರಿಗೆ ಬಿಡಬೇಕು. ಮಗ್ಗವಿಲ್ಲದ ಕುಣಿಯನ್ನು ಬಾಯಿ ತೆರೆದು ಬಿಡಬಾರದು, ಅದು ಯಾರನ್ನೋ ಕಾಯುತ್ತಿರುವ ಹಾಗೆ ಕಾಣುತ್ತದೆ. ಓಣಿಯ ಜನಕ್ಕೆ ನಮ್ಮ ಮೇಲೆ ಎಷ್ಟು ಪ್ರೀತಿಯೆಂದರೆ, ಅಂದು ಒಬ್ಬರೂ ತಮ್ಮ ಮಗ್ಗದ ಮೇಲೆ ಕೂರಲಿಲ್ಲ. ಗಂಡಸರು ಮಣ್ಣು ಹೊತ್ತರು. ಸುಟ್ಟ ಮಗ್ಗಗಳನ್ನು ಗಾಡಿಗೆ ಹೇರಿ ಕೆರೆಗೆ ಒಯ್ದರು. ಎರಡೂ ಕುಣಿ ತುಂಬಿ, ದಮ್ಮಸ್ಸು ಹಾಕಿ ಗಟ್ಟಿ ಮಾಡಿದರು. ಹೆಂಗಸರು ಗೋಡೆಯ ಮಸಿ ತಿಕ್ಕಿ ತೊಳೆದು, ನೆಲವನ್ನೆಲ್ಲ ಸೆಗಣಿಯಿಂದ ಸಾರಿಸಿ, ನಡುವೆ ಒಂದು ರಂಗೋಲಿ ಎಳೆದು ದೀಪ ಹಚ್ಚಿಟ್ಟರು.

ನಾವು ದವಾಖಾನೆಯಿಂದ ಬರುವಾಗಲೇ ಚಾಚಿಯೂ ಗದಗಿನಿಂದ ಬಂದರು. ಮಾಳಿಗೆಯಿಲ್ಲದ ಪಡಸಾಲೆಯಲ್ಲಿ, ಆಕಾಶದ ಕೆಳಗೆ, ಹಬ್ಬದ ಮನೆಯ ಹಾಗೆ ನೆಲ ಮಿರುಗುತ್ತಿತ್ತು. ದಣಿದ ಹೆಂಗಸರು ಮೆಚ್ಚುಗೆಗಾಗಿ ಚಾಚಿಯ ಮುಖ ನೋಡುತ್ತಿದ್ದರು. ಮಗ್ಗವಿತ್ತೆಂದು ಹೇಳಲು ಇನ್ನು ಅಲ್ಲಿ ಒಂದು ಮೊಳೆಯೂ ಇರಲಿಲ್ಲ. ಚಾಚಿ "ಭಾಳ ಚಂದ ಸಾರಿಸೀರವ್ವ" ಎಂದಷ್ಟೇ ಹೇಳಿ ತಮ್ಮ ಕೋಣೆಗೆ ಹೋದರು.

ಎರಡು ಕಂಪನಿಗಳಿಗೂ ಸೇರಿ ನಷ್ಟ ನೋಡಲು ಹುಬ್ಬಳ್ಳಿಯಿಂದ ಬಂದ ಸರ್ವೇಯರು ಒಬ್ಬರೇ. ಮಧ್ಯವಯಸ್ಸಿನವರು, ಕನ್ನಡಕ, ಸಮಾಧಾನದ ಮನುಷ್ಯ. ಗೋಡೆ ಅಳೆದರು, ಸುಟ್ಟ ತೊಲೆಯ ತುದಿ ಕೆರೆದು ನೋಡಿದರು. ಆಮೇಲೆ ಸಾರಿಸಿದ ನೆಲದ ಮೇಲೆ ನಿಂತು, ನಮ್ಮ ಕಾಗದದಲ್ಲಿ ಎರಡು ಮಗ್ಗ ಎಂದಿದೆಯಲ್ಲ, ಎಲ್ಲಿವೆ ಎಂದು ಕೇಳಿದರು. ಓಣಿಯ ಜನ ಒಟ್ಟಿಗೆ ಇತ್ತು ಇತ್ತು ಎಂದರು. ಅವರು ನಕ್ಕು, ಬೇಕಾದವರು ಹೇಳುವ ಮಾತನ್ನು ತಾನು ಬರೆಯುವಂತಿಲ್ಲ, ಮನೆಯ ಮಾಲಕಿ ಹೇಳಿದರೆ ಅದಕ್ಕೆ ಬೆಲೆಯಿದೆ ಎಂದರು. ಚಾಚಿ ಮುಂದೆ ಬಂದರು. ಅವರು ಬಾಯಿ ತೆರೆಯುವ ಮೊದಲೇ ಆ ಮನುಷ್ಯ ಕೈ ಎತ್ತಿ ತಡೆದರು.

"ಅಮ್ಮಾರ, ಹೇಳೂಕಿಂತ ಮೊದಲ ಕೇಳ್ರಿ. ನಿಮ್ಮ ವಿಮಾದಾಗ ಬರೇ ವಾಸದ ಮನಿ ಅಂತ ಐತಿ. ಇಲ್ಲಿ ಮಗ್ಗದ ಉದ್ಯೋಗ ನಡೀತಿತ್ತು ಅಂತ ನಾ ಬರದ್ರ, ನಿಮಗ ಬರೂದು ಬರೂದಿಲ್ಲ. ಬರೀಲಿಲ್ಲಂದ್ರ ಇವರ ಮಗ್ಗಕ್ಕ ಬರೂದಿಲ್ಲ. ನನ್ನ ಕಣ್ಣಿಗೆ ಕಾಣೂದು ಬರೇ ಸಾರಿಸಿದ ನೆಲ. ವಿಚಾರ ಮಾಡಿ ಹೇಳ್ರಿ."

ಅದು ಚಾಚಿಗೆ ಗೊತ್ತಿರಲಿಲ್ಲ. ತಾವು ಗಂಡ ಹೆಂಡತಿ ಇಬ್ಬರೇ ಇಡೀ ಮನೆಯಲ್ಲಿದ್ದಾಗ ಗಂಡ ಬರೆಸಿದ ಕಾಗದ ಅದು. ನೇಕಾರರು ಬಾಡಿಗೆಗೆ ಬಂದ ಮೇಲೂ ಚಾಚಿ ವರ್ಷ ವರ್ಷ ಕಂತು ಕಟ್ಟಿದರೇ ವಿನಾ ಬರಹ ಬದಲಿಸಬೇಕೆಂದು ಅವರಿಗೆ ಹೊಳೆದಿರಲಿಲ್ಲ. ಇಡೀ ಓಣಿಗೆ ಮಡಕೆ ಜೋಳದ ಲೆಕ್ಕ ಹೇಳಿದವರು ತಮ್ಮ ಮಡಕೆಯ ಬಿರುಕು ನೋಡಿಕೊಂಡಿರಲಿಲ್ಲ. ಅವರು ಇರಲಿಲ್ಲ ಎನ್ನಲಿ ಎಂದೂ ನನಗೆ ಅನ್ನಿಸಿತು, ಇತ್ತು ಎನ್ನಲಿ ಎಂದೂ ಅನ್ನಿಸಿತು.

ಆಗ ನಮ್ಮ ಮಾವ ಹಿಂದಿನಿಂದ ಬಂದರು. ಬೆಂಕಿಯ ದಿನದಿಂದ ಸರಿಯಾಗಿ ಮಾತಾಡದವರು, ಸರ್ವೇಯರಿಗೆ ಕೈ ಮುಗಿದರು.

"ಮಗ್ಗ ಇರಲಿಲ್ಲ ಅಂತ ಬರಕೊಳ್ರಿ ಸಾಹೇಬ್ರ."

ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡರು. ದಿನಾ ಕೈ ಮುಗಿದು ಕೂರುತ್ತಿದ್ದ ಮಗ್ಗವನ್ನು ಈ ಮನುಷ್ಯ ಇರಲೇ ಇಲ್ಲ ಎಂದುಬಿಟ್ಟರಲ್ಲ. ಚಾಚಿ ಮಾವನ ಕಡೆ ತಿರುಗಿ ನೋಡಿದ ನೋಟ ನನಗೆ ಇನ್ನೂ ನೆನಪಿದೆ, ಅಷ್ಟು ಸಿಟ್ಟು ಅವರ ಮುಖದಲ್ಲಿ ನಾನು ಮುಂಚೆ ಕಂಡಿರಲಿಲ್ಲ.

"ನೀ ಯಾಂವ ಹೇಳಾಕ?" ಎಂದರು. "ಕುಣಿ ನಂದು. ಅಗಿಯಾಕ ನಾ ಯಾರನ್ನೂ ಕೇಳಬೇಕಾಗಿಲ್ಲ."

ಗುದ್ದಲಿ ತರಿಸಿದರು. ಯಾರೂ ಕೈ ಹಾಕಲಿಲ್ಲ. ರಂಗೋಲಿಯ ಮೇಲೆ ನಡೆದು ಹೋಗಿ, ಮಾವನ ಮಗ್ಗವಿದ್ದ ಜಾಗದಲ್ಲಿ, ಹಿಂದೊಮ್ಮೆ ತಾವೇ ಕಾಲು ಇಳಿಬಿಟ್ಟು ಕೂತಿದ್ದ ಅಂಚಿನಲ್ಲಿ, ಒದ್ದೆ ಬಟ್ಟೆ ಸುತ್ತಿದ ಆ ಕೈಯಿಂದಲೇ ಮೊದಲ ಏಟು ಹಾಕಿದರು. ಎರಡನೆಯ ಏಟಿಗೆ ನನ್ನ ಗಂಡ ಗುದ್ದಲಿ ಇಸಿದುಕೊಂಡರು, ಅವರ ಕಣ್ಣಿಂದ ನೀರು ಸುರಿಯುತ್ತಿತ್ತು. ಹಸಿ ಮಣ್ಣು ಸುಲಭಕ್ಕೆ ಬಂತು. ಕುಣಿಯ ಗೋಡೆ ಕಂಡಿತು, ಕೆಳಗೆ ತಳದಲ್ಲಿ ಅರ್ಧ ಸುಟ್ಟ ಕಾಲ್ಮಣೆಗಳು, ಅವಕ್ಕೆ ಕಟ್ಟಿದ ಕರಕಲು ಹಗ್ಗ. ಕುಣಿ ತುಂಬುವ ಅವಸರದಲ್ಲಿ ಅವನ್ನು ಯಾರೂ ಮೇಲೆ ತೆಗೆದಿರಲಿಲ್ಲ. ಸರ್ವೇಯರು ಬಗ್ಗಿ ನೋಡಿದರು. ಇನ್ನೊಂದು ಕುಣಿ ಎಲ್ಲಿ ಎಂದು ಕೇಳಿದರು. ಚಾಚಿ ಕಾಲಿನಿಂದ ತೋರಿಸಿದರು. ಬರೆದುಕೊಂಡು ಹೋಗುವಾಗ ಆ ಮನುಷ್ಯ ಚಪ್ಪಲಿ ಮೆಟ್ಟುವುದನ್ನು ಮರೆತು ಓಣಿಯ ತುದಿಯವರೆಗೆ ಹೋಗಿ ಮರಳಿ ಬಂದರು.

ನಮಗೆ ಬಂತು. ಚಾಚಿಗೆ ಬರಲಿಲ್ಲ. ಕಂಪನಿಯದೇನೂ ತಪ್ಪಿಲ್ಲ, ತಾವು ಹೇಳಿದ್ದೊಂದು, ಮನೆಯಲ್ಲಿ ನಡೆಸಿದ್ದೊಂದು ಎಂದು ಅವರೇ ನಮಗೆ ಸಮಾಧಾನ ಹೇಳಿದರು. ಬಂದದ್ದರಲ್ಲಿ ಮೊದಲು ಮಾಳಿಗೆ ಹಾಕಿಸೋಣ ಎಂದು ಮಾವ ಹೋಗಿ ಬೇಡಿಕೊಂಡರೆ, ಜೋಳ ನಿಮ್ಮದು ಎಂದು ಕಳಿಸಿಬಿಟ್ಟರು. ಯಳವತ್ತಿಯಲ್ಲಿ ತಮ್ಮ ತವರಿನಿಂದ ಬಂದಿದ್ದ ಹೊಲದ ಪಾಲನ್ನು ಮಾರಿ ಜಂತಿ ಹಾಕಿಸಿದರು. ಆ ಹೊಲದ ಹೆಸರು ಎತ್ತಿದಾಗಲೆಲ್ಲ ಅವರ ದನಿ ಮೆತ್ತಗಾಗುತ್ತಿದ್ದುದು ನನಗೆ ಗೊತ್ತಿತ್ತು. ಅದನ್ನು ಮಾರಿದ ಮೇಲೆ ಅವರು ಒಮ್ಮೆಯೂ ಅದರ ಹೆಸರು ಎತ್ತಲಿಲ್ಲ. ಹೊಸ ಮಗ್ಗಗಳನ್ನು ಅವೇ ಕುಣಿಗಳಲ್ಲಿ ಹೂಡಿದೆವು. ಮುಂದಿನ ಸಲ ವಿಮೆ ಕಟ್ಟುವಾಗ ಚಾಚಿ ವಾಸ ಮತ್ತು ಮಗ್ಗ ಎಂದು ಬರೆಸಿ ಬಂದು, ಎಂದಿನಂತೆ ಸಕ್ಕರೆ ಹಂಚಿದರು. ಈ ಸಲ ಓಣಿಯಲ್ಲಿ ಯಾರೂ ನಗಲಿಲ್ಲ. ಅಂಗೈ ಒಡ್ಡಿ ತೆಗೆದುಕೊಂಡರು.

ಎಂಬತ್ತರ ದಶಕದ ನಡುವಿನಲ್ಲಿ ಒಂದು ದಿನ ಚಾಚಿ ಬಾಗಿಲ ಚೌಕಟ್ಟು ತಟ್ಟಿದರು. ನಡೆ ಸಣ್ಣದಾಗಿತ್ತು, ಕೊಡೆಯನ್ನೇ ಕೋಲು ಮಾಡಿಕೊಂಡಿದ್ದರು. ಮಾವನ ಮಗ್ಗದ ಪಕ್ಕ ಕೂತು, ಒಂದು ಬಿಳಿ ಬಟ್ಟೆ ನೇಯ್ದು ಕೊಡಬೇಕು, ಬರೀ ಹತ್ತಿಯದು, ಬಣ್ಣ ಬೇಡ, ಅಂಚು ಬೇಡ, ಸೆರಗು ಬೇಡ ಎಂದರು. ಅಗಲ ಉದ್ದ ಕೈಯಿಂದ ಅಳೆದು ತೋರಿಸಿದರು. ತಮ್ಮ ಮೈಯ ಮೇಲೇ ಅಳೆದು ತೋರಿಸಿದರು.

ಅತ್ತೆಗೆ ಮೊದಲು ತಿಳಿಯಿತು. ರೊಟ್ಟಿ ಬಡಿಯುತ್ತಿದ್ದ ಕೈ ನಿಂತಿತು.

"ಬಿಡ್ತು ಅನ್ರಿ ಚಾಚಿ."

ಅಷ್ಟು ವರ್ಷ ಯಾರು ಹೇಳಿದರೂ ಮರುಮಾತಿಲ್ಲದೆ ಬಿಡ್ತು ಅನ್ನುತ್ತಿದ್ದ ಚಾಚಿ, ಅತ್ತೆಯ ಮುಖವನ್ನು ಬಹಳ ಪ್ರೀತಿಯಿಂದ ನೋಡಿದರು.

"ಇದಕ್ಕ ಅನ್ನಾಕ ಬರೂದಿಲ್ಲವ್ವ," ಎಂದರು.

ಮಾವ ನೇಯ್ದರು. ಬೇರೆ ಯಾರನ್ನೂ ಆ ಮಗ್ಗದ ಹತ್ತಿರ ಬಿಡಲಿಲ್ಲ. ಚಾಚಿ ಅದನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟುಕೊಂಡರು, ಮಳೆಗಾಲ ಮುಗಿಯುವ ಮೊದಲೇ ಅದು ಹೊರಗೆ ಬಂತು. ಅವರನ್ನು ಒಯ್ಯುವಾಗ ಓಣಿಯಲ್ಲಿ ಒಂದು ಮಗ್ಗದ ಸದ್ದೂ ಇರಲಿಲ್ಲ. ಮಾವ ಹೆಗಲು ಕೊಟ್ಟು ಬಂದು, ಸ್ನಾನ ಮಾಡಿ, ಕುಣಿಯಲ್ಲಿ ಕಾಲು ಇಳಿಬಿಟ್ಟು ಸುಮ್ಮನೆ ಕೂತರು. ನಾನು ಚಹಾ ತಂದಿಟ್ಟೆ. ನನಗೆ ಎಂದಲ್ಲ, ಮಗ್ಗಕ್ಕೆ ಹೇಳಿದ ಹಾಗೆ ಹೇಳಿದರು:

"ಎರಡೂ ಕಡೆ ಕೈ ತಾನ ಅಂಚಿಗೆ ಹೋಗತಿತ್ತು. ಹಿಡದು ಹಿಡದು ನೇಯ್ದೆ."